ಮದುವೆ ಮಂಟಪದ ಟ್ರಸ್ಸಿಗೆ ನಾಟಕದ ಲೈಟು ಕಟ್ಟಿದ್ದು

ಡೆಕೊರೇಶನ್‌ನವರ ತಿಕೋನ ಟ್ರಸ್, ಅಂದರೆ ಮೂರು ಪೈಪನ್ನು ಕಂಬಿಯಿಂದ ಬೆಸೆದ ಚೌಕಟ್ಟು, ನೀವು ನೋಡಿರುತ್ತೀರಿ. ಮದುವೆ ಛತ್ರದ ಬಾಗಿಲಲ್ಲಿ ಕಮಾನಾಗಿ ನಿಂತಿರುತ್ತದೆ. ಮೇಲೆ ಬಂಗಾರದ ಬಣ್ಣ, ಸುತ್ತ ಸೇವಂತಿಗೆ ಹಾರ, ನಡುವೆ ಸೀರಿಯಲ್ ಸೆಟ್. ಹೋದ ನವೆಂಬರಿನಲ್ಲಿ ಅಂಥ ಮೂರು ತುಂಡು ನಮ್ಮ ನಾಟಕ ತಂಡಕ್ಕೆ ಸಿಕ್ಕವು. ಶಾಮಿಯಾನದವರೊಬ್ಬರು ಹಳೆ ಸಾಮಾನು ಗುಜರಿಗೆ ಹಾಕುತ್ತಿದ್ದರು. ತೂಕದ ಲೆಕ್ಕದಲ್ಲಿ ನಮಗೇ ಕೊಟ್ಟರು. ಒಂದೊಂದು ತುಂಡು 2 ಮೀಟರ್. ಮೂರೂ ಸೇರಿದರೆ 6 ಮೀಟರ್. ನಮ್ಮ ಶಾಲೆಯ ರಂಗದ ಅಗಲವೂ ಅಷ್ಟೇ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ, ಸಂಜೆ ತಂಡದ ಬೆಳಕಿನ ಕೆಲಸ ನನ್ನದು. ಇಷ್ಟು ವರ್ಷ ಲೈಟು ಕಟ್ಟುತ್ತಿದ್ದದ್ದು ಬಿದಿರು ಗಳಕ್ಕೆ. ಎರಡು ಅಡಿಕೆ ಕಂಬ ನೆಟ್ಟು, ಮೇಲೆ ಗಳ ಅಡ್ಡ ಹಾಕಿ, ಹಗ್ಗ ಬಿಗಿದರೆ ಆಯಿತು. ಹೋದ ವರ್ಷ ಎರಡನೇ ಅಂಕದಲ್ಲಿ ಹಗ್ಗ ಸಡಿಲಾಗಿ ಗಳದ ಒಂದು ತುದಿ ಒಂದು ಅಡಿ ಕೆಳಗೆ ಜಾರಿತು. ಲೈಟು ಬೀಳಲಿಲ್ಲ. ಆದರೆ ಅದರ ಕೆಳಗೆ ಏಳನೇ ಕ್ಲಾಸಿನ ಹುಡುಗಿ ನಿಂತು ಮಾತು ಹೇಳುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಳದ ಕಾಲ ಮುಗಿಯಿತು ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ನಿಜವಾದ ಸ್ಟೇಜ್ ಟ್ರಸ್ ಬೇರೆ ವಸ್ತು. ಅದು ಅಲ್ಯೂಮಿನಿಯಂ, ಸಾಮಾನ್ಯವಾಗಿ 50 ಮಿ.ಮೀ. ಪೈಪು. ಎಷ್ಟು ಉದ್ದಕ್ಕೆ ಎಷ್ಟು ಭಾರ ಹೊರುತ್ತದೆ ಅಂತ ಕೋಷ್ಟಕವೂ ಜೊತೆಗೇ ಬರುತ್ತದೆ. ನಮಗೆ ಸಿಕ್ಕಿದ್ದಕ್ಕೆ ಕೋಷ್ಟಕ ಎಲ್ಲಿಂದ ಬರಬೇಕು? ಹೂವು ಹೊರಲಿ ಅಂತ ಮಾಡಿದ್ದು ಅದು. ಹಾಗಾಗಿ ಮೊದಲು ಅಳೆದು, ತೂಗಿ, ಲೆಕ್ಕ ಹಾಕಲು ಕೂತೆ.

ಹೊರಗಿನ ಮೂರು ಪೈಪು 25 ಮಿ.ಮೀ. ದಪ್ಪ. ತುದಿಯಲ್ಲಿ ವರ್ನಿಯರ್ ಹಿಡಿದು ನೋಡಿದರೆ ಗೋಡೆ 1.2 ಮಿ.ಮೀ., ಅಂಗಡಿಯವರ ಮಾತಿನಲ್ಲಿ 18 ಗೇಜ್. ಪೈಪಿನಿಂದ ಪೈಪಿಗೆ ನಡು ಅಂತರ 200 ಮಿ.ಮೀ. ಮೂರೂ ಮುಖದಲ್ಲಿ 6 ಮಿ.ಮೀ. ಕಂಬಿಯನ್ನು ಹಾವಿನಂತೆ ಬಳುಕಿಸಿ ವೆಲ್ಡ್ ಮಾಡಿದ್ದಾರೆ. ಮೂರೂ ಮುಖದಲ್ಲಿ ಇರುವುದು ಮುಖ್ಯ. ಎರಡೇ ಪೈಪಿನ ಏಣಿಯಂಥ ಟ್ರಸ್ ಕೂಡ ಅವರ ಹತ್ತಿರ ಇತ್ತು. ಅದನ್ನು ನಾನು ಮುಟ್ಟಲಿಲ್ಲ. ಅದು ಪಕ್ಕಕ್ಕೆ ಬಳುಕುತ್ತದೆ, ತಿರುಚಿಕೊಳ್ಳುತ್ತದೆ.

ಇನ್ನು ಲೈಟಿನ ತೂಕ. ಹಳೆಯ 1000 ವಾಟಿನ ಸ್ಪಾಟ್ ಒಂದೊಂದೂ ಆರೇಳು ಕೆ.ಜಿ. ಅಂಥ ಎಂಟು ಲೈಟಿಗೆ 8 ಕಿಲೋವಾಟ್ ಕರೆಂಟ್ ಬೇಕು, ಅಂದರೆ 35 ಆಂಪಿಯರ್ ಹತ್ತಿರ. ಹಳ್ಳಿ ಶಾಲೆಯ ಮೀಟರಿನಲ್ಲಿ ಆ ಮಾತೇ ಇಲ್ಲ. ಈಗ ನಮ್ಮ ಹತ್ತಿರ ಇರುವುದು ಎಲ್‌ಇಡಿ ಪಾರ್, ಡಬ್ಬಿಯಂಥ ಹಗುರ ಸ್ಟೇಜ್ ಲೈಟು. ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದಕ್ಕೆ 2.4 ಕೆ.ಜಿ. ಎಂಟು ಲೈಟು, ಅದರ ಹಿಡಿಕೆ, ವೈರು, ಸೇಫ್ಟಿ ತಂತಿ ಎಲ್ಲ ಸೇರಿ 29 ಕೆ.ಜಿ. ಎಂಟೂ ಉರಿದರೂ 1200 ವಾಟ್ ದಾಟುವುದಿಲ್ಲ. ಲೈಟು ಇಷ್ಟು ಹಗುರ ಆಗಿರದಿದ್ದರೆ ಈ ಟ್ರಸ್ ಬಗ್ಗೆ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಟ್ರಸ್ಸಿನ ಸ್ವಂತ ತೂಕ 24 ಕೆ.ಜಿ. ಅಂತ ಹಿಡಿದರೆ ಒಟ್ಟು 53 ಕೆ.ಜಿ., ಅಂದರೆ 520 ನ್ಯೂಟನ್. 6 ಮೀಟರ್ ಉದ್ದಕ್ಕೂ ಸಮನಾಗಿ ಹರಡಿದೆ ಅಂದುಕೊಳ್ಳಿ. ಭಾರವನ್ನು ಉದ್ದದಿಂದ ಗುಣಿಸಿ 8ರಿಂದ ಭಾಗಿಸಿದರೆ ನಡುವಿನ ಬಾಗುಬಲ ಬರುತ್ತದೆ, 390 ನ್ಯೂಟನ್ ಮೀಟರ್. ತಿಕೋನದ ಎತ್ತರ 173 ಮಿ.ಮೀ. ಅದರಿಂದ ಭಾಗಿಸಿದರೆ ಮೇಲಿನ ಒಂಟಿ ಪೈಪನ್ನು ಒತ್ತುವ ಬಲ ಸಿಗುತ್ತದೆ, ಸುಮಾರು 2250 ನ್ಯೂಟನ್. ಪೈಪಿನ ಲೋಹದ ಅಡ್ಡಕೊಯ್ತ 90 ಚದರ ಮಿ.ಮೀ. ಅಲ್ಲಿಗೆ ಒಂದು ಚದರ ಮಿ.ಮೀ.ಗೆ 25 ನ್ಯೂಟನ್. ಸಾಮಾನ್ಯ ಮೈಲ್ಡ್ ಸ್ಟೀಲ್ ಸೋಲಲು ಶುರು ಮಾಡುವುದು 250ರ ಸುಮಾರಿಗೆ. ಹತ್ತನೇ ಒಂದು ಪಾಲು ಅಷ್ಟೇ!

ಇದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು. ಕಾಗದ ತೆಗೆದುಕೊಂಡು ವೆಲ್ಡಿಂಗ್ ಶಾಪಿಗೆ ಹೋದೆ. ಅಲ್ಲಿನ ಅಣ್ಣ ಮೂವತ್ತು ವರ್ಷದಿಂದ ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರ್ ಮಾಡಿದವರು. ಕಾಗದ ನೋಡಲಿಲ್ಲ. ಟ್ರಸ್ಸಿನ ತುದಿಯನ್ನು ಬೆರಳಿನಲ್ಲಿ ಸವರಿದರು.

"ಮೇಷ್ಟ್ರೇ, ಪೈಪು ಮುರಿಯಲ್ಲ. ಮುರಿಯೋದು ಇಲ್ಲಿ. ಬಣ್ಣ ಕೆರೆದು ನೋಡೋಣ್ವಾ?"

ಕೆರೆದೆವು. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಹನ್ನೆರಡು ಜಾಗದಲ್ಲಿ ಬಂಗಾರದ ಬಣ್ಣ ತೆಗೆದೆವು. ಕಂಬಿಗಳು ಪೈಪಿಗೆ ಸೇರುವಲ್ಲಿ ಪರವಾಗಿಲ್ಲ, ಎರಡು ಕಡೆ ಮಾತ್ರ ವೆಲ್ಡ್ ಬಿಟ್ಟಿತ್ತು. ತುದಿಯ ಪ್ಲೇಟ್ ನೋಡಿ ಎದೆ ಝಲ್ ಎಂದಿತು. ಪ್ರತಿ ತುಂಡಿನ ತುದಿಯಲ್ಲಿ 3 ಮಿ.ಮೀ. ದಪ್ಪದ ತಿಕೋನ ತಗಡು. ಮೂರು ಪೈಪೂ ಅದಕ್ಕೆ ಬರೀ ಎರಡೆರಡು ಚುಕ್ಕೆ ವೆಲ್ಡಿನಲ್ಲಿ ಅಂಟಿಕೊಂಡಿದ್ದವು. ಒಂದು ತುಂಡನ್ನು ಇನ್ನೊಂದಕ್ಕೆ ಸೇರಿಸುವ ಬೋಲ್ಟುಗಳು ಪೈಪಿನ ನೇರಕ್ಕೆ ಇಲ್ಲ, ತಗಡಿನ ನಡುವಿನಲ್ಲಿ ಇವೆ. ಭಾರ ಬಿದ್ದಾಗ ಕೆಳಗಿನ ಪೈಪುಗಳು ಒಂದನ್ನೊಂದು ಬಿಟ್ಟು ದೂರ ಹೋಗಲು ನೋಡುತ್ತವೆ. ಎಳೆತ ಪೈಪಿನಲ್ಲಿ, ಹಿಡಿತ ಅಲ್ಲಿಂದ ಎರಡು ಇಂಚು ಆಚೆ. ಆಗ ತಗಡು ಡಬ್ಬಿಯ ಮುಚ್ಚಳದ ಹಾಗೆ ಬಾಗುತ್ತದೆ.

ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಅದು 6 ಮೀಟರಿನ ಒಂದೇ ಅಖಂಡ ಟ್ರಸ್ಸಿನ ಲೆಕ್ಕ. ನಮ್ಮ ಟ್ರಸ್ಸಿನಲ್ಲಿ ಎರಡು ಜಾಯಿಂಟ್ ಇದೆ. ಇಂಥ ಟ್ರಸ್ ನಿಮ್ಮ ಕೈಗೆ ಬಂದರೆ ಪೈಪು ಎಷ್ಟು ದಪ್ಪ ಅಂತ ನೋಡುವ ಮೊದಲು ಜಾಯಿಂಟ್ ಬಿಚ್ಚಿ ನೋಡಿ.

ಕಣ್ಣಿಗೆ ಕಂಡದ್ದನ್ನು ಅಳತೆಯಲ್ಲೂ ನೋಡೋಣ ಅಂತ ಹಾಗೇ ಒಂದು ಪರೀಕ್ಷೆ ಮಾಡಿದೆವು. ಎರಡು ಡೆಸ್ಕಿನ ಮೇಲೆ ಟ್ರಸ್ಸಿನ ಎರಡು ತುದಿ ಇಟ್ಟೆವು. ಒಂದು ಪೈಪು ಮೇಲೆ, ಎರಡು ಕೆಳಗೆ. ಉದ್ದಕ್ಕೂ ಮೇಸ್ತ್ರಿಗಳ ನೂಲು ಎಳೆದು ಕಟ್ಟಿದೆವು. 20 ಲೀಟರಿನ ನೀರಿನ ಕ್ಯಾನ್ ಒಂದೊಂದಾಗಿ ನೇತು ಹಾಕಿದೆವು. ಕ್ಯಾನ್ ನೆಲದಿಂದ ನಾಲ್ಕು ಬೆರಳು ಮೇಲೆ ಮಾತ್ರ ಇರಬೇಕು. ಟ್ರಸ್ ಸೋತರೂ ಕ್ಯಾನ್ ನೆಲಕ್ಕೆ ಕೂರುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಕಾಲು ಮಾತ್ರ ಕೆಳಗೆ ಚಾಚಬೇಡಿ. ಲೆಕ್ಕದ ಪ್ರಕಾರ ಎರಡು ಕ್ಯಾನಿಗೆ ಟ್ರಸ್ಸಿನ ನಡು 3 ಮಿ.ಮೀ. ಇಳಿಯಬೇಕಿತ್ತು. ಸ್ಕೇಲಿನಲ್ಲಿ ನೋಡಿದರೆ 22 ಮಿ.ಮೀ. ಜಾಯಿಂಟಿನ ಕೆಳಗೆ ಐದು ರೂಪಾಯಿ ನಾಣ್ಯ ತೂರುವಷ್ಟು ಬಾಯಿ ಬಿಟ್ಟಿತ್ತು. ಮೂರನೇ ಕ್ಯಾನ್ ಕಟ್ಟುವ ಮೊದಲೇ ಟಿಕ್ ಅಂತ ಸದ್ದು. ಒಂದು ಚುಕ್ಕೆ ವೆಲ್ಡ್ ಹೋಯಿತು. ಅಲ್ಲಿಗೇ ನಿಲ್ಲಿಸಿದೆವು.

ದುರಸ್ತಿ ಹೇಗೆ ಅಂತ ಎರಡು ಸಂಜೆ ಚರ್ಚೆ ನಡೆಯಿತು. ದಪ್ಪ ಪ್ಲೇಟ್ ಹಾಕಿ ಸುತ್ತ ವೆಲ್ಡ್ ಹೊಡೆಯೋಣ ಅನ್ನುವುದು ನನ್ನ ಮೊದಲ ಯೋಚನೆ. ಅಣ್ಣ ಒಪ್ಪಲಿಲ್ಲ. 1.2 ಮಿ.ಮೀ. ಪೈಪಿಗೆ 6 ಮಿ.ಮೀ. ಪ್ಲೇಟ್ ವೆಲ್ಡ್ ಮಾಡಲು ಹೋದರೆ ಪ್ಲೇಟ್ ಕಾಯುವ ಮೊದಲೇ ಪೈಪ್ ತೂತಾಗುತ್ತದೆ. ಪ್ಲೇಟೇ ಬೇಡ, ಪೈಪಿನ ಒಳಗೆ ಕಂಬಿ ತೂರಿಸಿ ಬೋಲ್ಟ್ ಹಾಕೋಣ ಅಂದರು. ಎಳೆತ ಪೈಪಿನಿಂದ ಪೈಪಿಗೆ ನೇರ ಹೋಗುತ್ತದೆ. ದೊಡ್ಡ ಸ್ಟೇಜ್ ಟ್ರಸ್ಸಿನಲ್ಲಿ ಮೊನೆಯಾದ ತುಂಡು ಒಳಗೆ ಹೋಗಿ ಪಿನ್ ಬೀಳುತ್ತದಲ್ಲ, ಅದರದೇ ಬುದ್ಧಿ. ಅವರು ಅಂಥ ಟ್ರಸ್ ಕಂಡವರಲ್ಲ. ಕೈ ಕೆಲಸದಿಂದಲೇ ಅಲ್ಲಿಗೆ ಬಂದು ಮುಟ್ಟಿದರು.

ಪೈಪಿನ ಒಳಗಿನ ಅಳತೆ 22.6 ಮಿ.ಮೀ. 22 ಮಿ.ಮೀ. ಬ್ರೈಟ್ ಬಾರ್, ಅಂದರೆ ನುಣುಪಾದ ಗಟ್ಟಿ ಉಕ್ಕಿನ ಕಂಬಿ, ತಂದು 150 ಮಿ.ಮೀ. ಉದ್ದಕ್ಕೆ ಆರು ತುಂಡು ಮಾಡಿದೆವು. ಮೂರು ಪೈಪು, ಎರಡು ಜಾಯಿಂಟ್, ಒಟ್ಟು ಆರು. ತೂಕಕ್ಕೆ ಕಟ್ಟಡದವರ ಹಳೆ ಸೂತ್ರ ಸಾಕು, ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಸಿಗುತ್ತದೆ. ಒಂದು ತುಂಡಿಗೆ 450 ಗ್ರಾಂ ಬಂತು. ಒಳಗೆ ತೂರಿಸಲು ಹೋದರೆ ಹೋಗಲಿಲ್ಲ. ಈ ಪೈಪುಗಳನ್ನು ತಗಡು ಸುತ್ತಿ ಉದ್ದಕ್ಕೆ ವೆಲ್ಡ್ ಮಾಡಿರುತ್ತಾರೆ, ಒಳಗೆ ಒಂದು ಗೆರೆ ಉಬ್ಬಿರುತ್ತದೆ. ಪೈಪಿನೊಳಗೆ ಅರ ಹಾಕುವ ಬದಲು ಬಾರಿನ ಒಂದು ಬದಿಯನ್ನು ಚಪ್ಪಟೆಯಾಗಿ ಉಜ್ಜಿದೆವು. ಆರಕ್ಕೂ ಸೇರಿ ಒಂದು ಮಧ್ಯಾಹ್ನ ಹಿಡಿಯಿತು. ಕೈಯಲ್ಲಿ ಒತ್ತಿದರೆ ಹೋಗಬೇಕು, ಅಲ್ಲಾಡಬಾರದು, ಅಷ್ಟಕ್ಕೆ ತಂದೆವು.

ಆಮೇಲೆ ಹಳೆ ಪ್ಲೇಟುಗಳನ್ನು ಕತ್ತರಿಸಿದೆವು. ಮೂರೂ ತುಂಡನ್ನು ಶಾಲೆಯ ಜಗಲಿಯಲ್ಲಿ ನೇರಕ್ಕೆ ಮಲಗಿಸಿ, ನೂಲು ಹಿಡಿದು, ಬಾರ್ ಒಳಗಿಟ್ಟೇ ಡ್ರಿಲ್ ಮಾಡಿದೆವು. ಜಾಯಿಂಟಿನ ಪ್ರತಿ ಪೈಪಿಗೆ ಆಚೆ ಒಂದು, ಈಚೆ ಒಂದು 8 ಮಿ.ಮೀ. ಬೋಲ್ಟು. ಹೆಚ್ಚು ಗಟ್ಟಿಯಾದ 8.8 ಗ್ರೇಡ್, ತಾನಾಗಿ ಸಡಿಲಾಗದ ನೈಲಾಕ್ ನಟ್ಟು. ಒಳಗೆ ಗಟ್ಟಿ ಬಾರ್ ಇರುವುದರಿಂದ ಬಿಗಿದರೂ ಪೈಪ್ ಜಜ್ಜುವುದಿಲ್ಲ. ಹೀಗೆ ಸೇರಿಸಿಟ್ಟು ಹೊಡೆದ ತೂತು ಆಯಾ ಜೋಡಿಗೆ ಮಾತ್ರ ಸರಿಹೋಗುತ್ತದೆ, ಅದಲು ಬದಲಾದರೆ ಬೋಲ್ಟು ಹೋಗುವುದಿಲ್ಲ. ಅದಕ್ಕೇ ಸೆಂಟರ್ ಪಂಚಿನಲ್ಲಿ ಗುರುತು ಹೊಡೆದೆವು. ಮೊದಲ ಜಾಯಿಂಟಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು ಚುಕ್ಕೆ. ಬಣ್ಣದಲ್ಲಿ ಬರೆದರೆ ಒಂದೇ ವರ್ಷಕ್ಕೆ ಮಾಸಿಹೋಗುತ್ತದೆ.

ಬಿಟ್ಟಿದ್ದ ಕಂಬಿಗಳನ್ನು 2 ಮಿ.ಮೀ. ರಾಡಿನಲ್ಲಿ ಕಡಿಮೆ ಕರೆಂಟಿಟ್ಟು ಮತ್ತೆ ವೆಲ್ಡ್ ಮಾಡಿದರು. ಬಣ್ಣವನ್ನು ಬೆಳ್ಳಗೆ ಲೋಹ ಕಾಣುವವರೆಗೆ ಕೆರೆದ ಮೇಲೆಯೇ ಕಿಡಿ ಹಾಕಿದರು. ಸತು ಲೇಪಿಸಿದ ಜಿ.ಐ. ಪೈಪಾಗಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸತುವಿನ ಹೊಗೆ ಕುಡಿದರೆ ಅವತ್ತು ರಾತ್ರಿಯೇ ಚಳಿಜ್ವರ.

ಮತ್ತೆ ಅದೇ ಡೆಸ್ಕು, ಅದೇ ನೂಲು. ಈ ಸಲ ಮೂರು ಕ್ಯಾನ್, 60 ಕೆ.ಜಿ., ಲೈಟಿನ ತೂಕದ ಎರಡರಷ್ಟು. 8 ಮಿ.ಮೀ. ಇಳಿಯಿತು. ರಾತ್ರಿ ಪೂರ್ತಿ ಹಾಗೇ ಬಿಟ್ಟು ಬೆಳಿಗ್ಗೆ ಬಂದು ಅಳೆದೆವು, 8 ಮಿ.ಮೀ. ಹಾಗೇ ಇತ್ತು. ಕ್ಯಾನ್ ಇಳಿಸಿದ ಮೇಲೆ 1 ಮಿ.ಮೀ. ಬಿಟ್ಟು ಉಳಿದದ್ದು ವಾಪಸ್ ಬಂತು. ಆ 1 ಮಿ.ಮೀ. ಬೋಲ್ಟಿನ ಸಡಿಲ. ಅಣ್ಣ ಜಾಯಿಂಟನ್ನು ಸವರಿ "ಈಗ ಆಯ್ತು ನೋಡಿ" ಅಂದರು.

ಲೈಟು ಹಿಡಿಸುವುದು ಇನ್ನೊಂದು ತೊಡಕು. ಅಂಗಡಿಯಲ್ಲಿ ಸಿಗುವ ಸ್ಟೇಜ್ ಕ್ಲಾಂಪ್ 50 ಮಿ.ಮೀ. ಪೈಪಿಗೆ ಮಾಡಿದ್ದು. 25ರ ಪೈಪಿಗೆ ಹಾಕಿದರೆ ಹಿಡಿಯುವುದೇ ಇಲ್ಲ, ತಿರುಗಿ ಜಾರುತ್ತದೆ. ಕೆಲವರು ನಡುವೆ ಬಟ್ಟೆ ಸುತ್ತಿ ಬಿಗಿಯುತ್ತಾರೆ, ದಯವಿಟ್ಟು ಬೇಡ. ನಾವು 25ಕ್ಕೆ 5 ಮಿ.ಮೀ. ಕಬ್ಬಿಣದ ಪಟ್ಟಿಯನ್ನು ಕೆಳಗಿನ ಎರಡು ಪೈಪಿಗೆ ಅಡ್ಡ ಇಟ್ಟೆವು. ಎರಡು ತುದಿಗೂ ಮುಕ್ಕಾಲು ಇಂಚು ಪೈಪಿನ ಯು ಬೋಲ್ಟು, ನಡುವೆ ಸೈಕಲ್ ಟ್ಯೂಬಿನ ತುಂಡು. ಪಟ್ಟಿಯ ಮಧ್ಯದಲ್ಲಿ ಒಂದೇ ತೂತು, ಅದಕ್ಕೆ 10 ಮಿ.ಮೀ. ಬೋಲ್ಟಿನಲ್ಲಿ ಲೈಟಿನ ಹಿಡಿಕೆ. ಎರಡು ಪೈಪು ಕೆಳಗೆ ಬರಲಿ ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಲೈಟು ತಿರುಚಿಕೊಳ್ಳುವುದಿಲ್ಲ. ಪಟ್ಟಿ ಬರುವ ಜಾಗವೂ ಮುಖ್ಯ. ಓರೆ ಕಂಬಿ ಪೈಪಿಗೆ ಸೇರುವ ಗಂಟಿನ ಹತ್ತಿರ ಇರಬೇಕು, ಎರಡು ಗಂಟಿನ ನಡುವೆ ಬೇಡ.

ಪ್ರತಿ ಲೈಟಿಗೂ ಬೇರೆಯಾಗಿ ಒಂದು 3 ಮಿ.ಮೀ. ಸ್ಟೀಲ್ ಹಗ್ಗ. ಲೈಟಿನಿಂದ ಹೊರಟು ಟ್ರಸ್ಸಿನ ಮೇಲಿನ ಪೈಪನ್ನು ಸುತ್ತಿ ವಾಪಸ್ ಬರುತ್ತದೆ. ಬೋಲ್ಟೇ ಬಿಚ್ಚಿಕೊಂಡರೂ ಲೈಟು ಒಂದು ಗೇಣು ಬಿದ್ದು ನಿಲ್ಲುತ್ತದೆ. ಕೆಳಗೆ ಮಕ್ಕಳಿರುತ್ತಾರೆ. ಇದರಲ್ಲಿ ಉಳಿತಾಯದ ಮಾತು ಎತ್ತಲು ನಾನು ಯಾರಿಗೂ ಬಿಡಲಿಲ್ಲ.

ಕಾಲುಗಳನ್ನು ಹೊಸದಾಗಿ ಮಾಡಿಸಿದೆವು. 60 ಮಿ.ಮೀ. ಚೌಕ ಪೈಪಿನೊಳಗೆ 50 ಮಿ.ಮೀ. ಚೌಕ ಪೈಪು, ಸಡಿಲ ತುಂಬಲು ನಾಲ್ಕೂ ಬದಿಗೆ ತೆಳು ಪಟ್ಟಿ. 25 ಸೆಂ.ಮೀ.ಗೆ ಒಂದರಂತೆ 12 ಮಿ.ಮೀ. ಪಿನ್ನಿನ ತೂತು. ತಲೆಯಲ್ಲಿ ಟ್ರಸ್ ಕೂರಲು ತೊಟ್ಟಿಲಿನಂಥ ಹಿಡಿಕೆ. ಲೈಟುಗಳನ್ನು ಎದೆಯೆತ್ತರದಲ್ಲೇ ಕಟ್ಟಿ, ತಿರುಗಿಸಿ, ಉರಿಸಿ ನೋಡಿ, ಆಮೇಲೆ ಎರಡೂ ಕಡೆಯಿಂದ ಒಟ್ಟಿಗೆ ಒಂದೊಂದು ತೂತು ಮೇಲೇರಿಸುವುದು. ಒಬ್ಬರು ಜೋರಾಗಿ ಎಣಿಸಬೇಕು, ಉಳಿದವರು ಮಾತಾಡಬಾರದು. ಪೂರ್ತಿ ಏರಿದಾಗ ರಂಗದಿಂದ 3.4 ಮೀಟರ್. ನಟರು ಎರಡು ಮೀಟರ್ ಹಿಂದೆ ನಿಂತರೆ ಬೆಳಕು 45 ಡಿಗ್ರಿ ಆಸುಪಾಸಿನಲ್ಲಿ ಮುಖಕ್ಕೆ ಬೀಳುತ್ತದೆ. ಕಣ್ಣಿನ ಗುಳಿ ಕಪ್ಪಾಗುವುದಿಲ್ಲ. ಗಳದ ಕಾಲದಲ್ಲಿ ಈ ಎತ್ತರ ಸಿಕ್ಕಿರಲೇ ಇಲ್ಲ.

ಕಾಲಿನ ಅಡಿಗೆ 1.2 ಮೀಟರಿನ ಅಡ್ಡ ಪಟ್ಟಿಗಳು, ಅದರ ಮೇಲೆ ಕಾಲಿಗೆ ಎರಡರಂತೆ 25 ಕೆ.ಜಿ. ಮರಳಿನ ಚೀಲ. ಮುಂದೆ ಹಿಂದೆ ಹಗ್ಗ ಎಳೆದು ಗೂಟಕ್ಕೆ ಕಟ್ಟಿದ್ದು ಬೇರೆ.

ಜನವರಿ ತಾಲೀಮಿನ ಹೊತ್ತಿಗೆ ಒಂದು ವಾದ ಎದ್ದಿತು. ಟ್ರಸ್ ಇಷ್ಟು ಗಟ್ಟಿ ಇದೆಯಲ್ಲ, ಹಿಂದಿನ ಪರದೆಗೂ ಇಂಥದ್ದೇ ಒಂದು ಮಾಡೋಣ, ಸದ್ಯಕ್ಕೆ ಇದಕ್ಕೇ ಒಂದು ಬಟ್ಟೆ ಕಟ್ಟೋಣ ಅಂತ ನಮ್ಮ ನಿರ್ದೇಶಕರು. ನಮ್ಮ ರಂಗ ಬಯಲಿನಲ್ಲಿದೆ. ಅವರೆದುರೇ ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಗಾಳಿಯ ಒತ್ತಡ ಅಂದರೆ ವೇಗದ ವರ್ಗಕ್ಕೆ 0.6 ಗುಣಿಸಿದ್ದು. ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲೂ ಇದೇ ಸೂತ್ರ ಇದೆ. ಗಂಟೆಗೆ 36 ಕಿ.ಮೀ. ಗಾಳಿ, ಅಂದರೆ ಸೆಕೆಂಡಿಗೆ 10 ಮೀಟರ್. ಚದರ ಮೀಟರಿಗೆ 60 ನ್ಯೂಟನ್. ಬಟ್ಟೆ ಆರಕ್ಕೆ ಮೂರು ಮೀಟರ್, 18 ಚದರ ಮೀಟರ್. ಒಟ್ಟು 1080 ನ್ಯೂಟನ್, ಅಂದರೆ 110 ಕೆ.ಜಿ. ಭಾರದಷ್ಟು, ಅದೂ ಅಡ್ಡಕ್ಕೆ. ಲೈಟು ಟ್ರಸ್ ಎಲ್ಲ ಸೇರಿಸಿದ ತೂಕದ ಎರಡರಷ್ಟು! ತೆಂಗಿನ ಗರಿ ಸುಮ್ನೆ ಅಲ್ಲಾಡುವ ಗಾಳಿಯಲ್ಲ ಅದು, ಸಣ್ಣ ಮರಗಳೇ ತೂಗಾಡುವಂಥದ್ದು. ಆದರೆ ಬಯಲಿನಲ್ಲಿ ಅದು ಬರುವುದು ಹೇಳಿ ಕೇಳಿ ಅಲ್ಲ. ನಿರ್ದೇಶಕರು ಎರಡು ನಿಮಿಷ ಬೋರ್ಡು ನೋಡಿದರು. "ಸರಿ ಮೇಷ್ಟ್ರೇ, ಪರದೆಗೆ ಅಡಿಕೆ ಕಂಬವೇ ಇರಲಿ" ಅಂದರು. ಎರಡು ಅಡಿ ಗುಂಡಿ ತೋಡಿ ನಾಲ್ಕು ಕಂಬ ನೆಟ್ಟೆವು. ಹೂವಿನ ಹಾರ, ಬ್ಯಾನರ್, ಯಾವುದನ್ನೂ ಲೈಟಿನ ಟ್ರಸ್ಸಿಗೆ ಕಟ್ಟಲು ಬಿಡಲಿಲ್ಲ.

ತಿರುಗುವ ಲೈಟು ಹಾಕೋಣ ಅಂತಲೂ ಕೆಲವರು ಕೇಳಿದರು. ಮೂವಿಂಗ್ ಹೆಡ್ ಒಂದೊಂದೇ 15 ಕೆ.ಜಿ. ದಾಟುವುದುಂಟು. ಮೇಲಿಂದ ತಲೆ ತಿರುಗಿಸಿ ಗಕ್ಕನೆ ನಿಂತಾಗಲೆಲ್ಲ ಟ್ರಸ್ಸನ್ನು ಎಳೆದಾಡುತ್ತದೆ. ಅದು ಇದರ ಕೆಲಸವಲ್ಲ.

ಕರೆಂಟಿನ ವಿಷಯ. ಗಳಕ್ಕೂ ಟ್ರಸ್ಸಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಬಿದಿರು ಒಣಗಿದ್ದರೆ ಶಾಕ್ ಹೊಡೆಯುವುದಿಲ್ಲ. ಟ್ರಸ್ ಕಬ್ಬಿಣ. ಒಂದು ಲೈಟಿನ ವೈರ್ ಸಿಪ್ಪೆ ಸುಲಿದರೂ ಇಡೀ ಟ್ರಸ್, ಎರಡೂ ಕಾಲು, ಎಲ್ಲಕ್ಕೂ ಕರೆಂಟ್. ಅದಕ್ಕೆ ಟ್ರಸ್ಸಿನಿಂದ ಹಸಿರು ವೈರ್ ಎಳೆದು ಅರ್ಥಿಂಗ್‌ಗೆ ಸೇರಿಸಿದೆವು. ವೈರಿನ ತುದಿಯ ಲಗ್ (ಲೋಹದ ಬಳೆ) ಕೂರುವಲ್ಲಿ ಬಣ್ಣ ಪೂರ್ತಿ ಕೆರೆದು ಬೋಲ್ಟ್ ಬಿಗಿದೆವು. ಎರಡು ಜಾಯಿಂಟಿಗೂ ಅಡ್ಡಲಾಗಿ ಒಂದೊಂದು ತುಂಡು ವೈರ್ ಹಾಕಿದೆವು, ಒಳಗಿನ ಬಾರನ್ನು ನಂಬಿ ಕೂರಲು ಆಗುವುದಿಲ್ಲ. ಮಲ್ಟಿಮೀಟರಿನಲ್ಲಿ ಆ ತುದಿಯಿಂದ ಈ ತುದಿಗೆ 1 ಓಮ್ ಒಳಗೆ ಬರುವವರೆಗೆ ಬಿಡಲಿಲ್ಲ. ಕರೆಂಟ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್ಚು. ಅದರ ಟೆಸ್ಟ್ ಗುಂಡಿಯನ್ನು ಪ್ರತಿ ಪ್ರಯೋಗದ ದಿನ ಒತ್ತಿ ನೋಡುವ ಕೆಲಸ ಹತ್ತನೇ ಕ್ಲಾಸಿನ ಇಬ್ಬರು ಹುಡುಗರದು. ಯಾಕೆ ಅಂತಲೂ ಅವರಿಗೆ ಗೊತ್ತು.

ನಾಟಕ ಫೆಬ್ರವರಿಯಲ್ಲಿ ಆಯಿತು. ಎರಡು ಪ್ರಯೋಗ. ಎರಡನೇ ದಿನ ಸಂಜೆ ಗಾಳಿ ಬೀಸಿತು. ಹಿಂದಿನ ಪರದೆ ಉಬ್ಬಿ ಪಟಪಟ ಬಡಿಯಿತು. ಲೈಟಿನ ಟ್ರಸ್ ಅಲ್ಲಾಡಲಿಲ್ಲ. ಹೋದ ವರ್ಷ ಗಳದ ಕೆಳಗೆ ನಿಂತಿದ್ದ ಹುಡುಗಿ ಈ ಸಲ ಮುಖ್ಯ ಪಾತ್ರ. ಅವಳ ಕೊನೆಯ ಮಾತು ಸರಿಯಾಗಿ ಮೂರನೇ ಲೈಟಿನ ಕೆಳಗೆ. ನಾನು ಬೋರ್ಡಿನ ಹಿಂದೆ ಕೂತು ಅವಳ ಮುಖ ನೋಡಿದೆ. ಒಂದು ಸಲವೂ ಟ್ರಸ್ ಕಡೆ ಕಣ್ಣು ಹೋಗಲಿಲ್ಲ.

ನಮ್ಮ ಲೆಕ್ಕವನ್ನು ಹಾಗೇ ನಿಮ್ಮ ಟ್ರಸ್ಸಿಗೆ ಹಾಕಬೇಡಿ. ನಿಮ್ಮ ಪೈಪು ಇನ್ನೂ ತೆಳುವಾದ 20 ಗೇಜ್ ಇರಬಹುದು, ಕಂಬಿ ಎರಡೇ ಮುಖದಲ್ಲಿ ಇರಬಹುದು. 6 ಮೀಟರಿಗಿಂತ ಉದ್ದ ಬೇಕಿದ್ದರೆ, ಅಥವಾ ಪ್ರೇಕ್ಷಕರ ತಲೆಯ ಮೇಲೆ ಬರುವುದಾದರೆ, ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ, ಇಲ್ಲವೇ ನಿಜವಾದ ಸ್ಟೇಜ್ ಟ್ರಸ್ಸನ್ನೇ ಬಾಡಿಗೆಗೆ ತನ್ನಿ.

ಬಿಚ್ಚುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಎರಡು ಚುಕ್ಕೆಯ ಜಾಯಿಂಟಿನಲ್ಲಿ ಕೆಳಗಿನ ಒಂದು ತೂತು ಮೊಟ್ಟೆಯ ಹಾಗೆ ಉದ್ದವಾಗಿದೆ. ಭಾರದಿಂದ ಆದದ್ದಲ್ಲ. ಬೋಲ್ಟು ಸಲೀಸಾಗಿ ಬರಲಿಲ್ಲ ಅಂತ ಯಾರೋ ಸುತ್ತಿಗೆಯಲ್ಲಿ ಓರೆಯಾಗಿ ಹೊಡೆದಿದ್ದಾರೆ. ಮಳೆಗಾಲಕ್ಕೆ ಮೊದಲು ಆ ತೂತನ್ನು 10 ಮಿ.ಮೀ.ಗೆ ದೊಡ್ಡದು ಮಾಡಿ ಬೇರೆ ಬೋಲ್ಟು ಹಾಕಬೇಕು. ಬಾರುಗಳಿಗೆ ಗ್ರೀಸ್ ಸವರಿ, ಬೋಲ್ಟುಗಳ ಜೊತೆ ಚೀಲದಲ್ಲಿ ಕಟ್ಟಿ, ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟಿದ್ದೇನೆ. ಚೀಲದ ಜೊತೆ ಒಂದು ಮರದ ಸುತ್ತಿಗೆಯೂ ಇದೆ.